ನಮ್ಮ ಮಾತಿನ ತರ್ಜುಮೆ ಯಾರ ಕೈಯಲ್ಲಿ?

ಎರಡು ವರ್ಷದ ಹಿಂದಿನ ಒಂದು ಶುಕ್ರವಾರ. ಸಿಂಧನೂರಿನಲ್ಲಿ ಜುಮುಆ ನಮಾಜ್ ಮುಗಿಸಿ ಹೊರಬಂದಿದ್ದೆ. ಮಸೀದಿಯ ಎದುರಿಗೆ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಕೈಮಾಡಿ ಕರೆದರು. ಅವರೊಂದಿಗೆ ನನ್ನದು ಮೂವತ್ತು ವರ್ಷದ ಪರಿಚಯ. ಕೂರಿಸಿ ಚಹಾ ತರಿಸಿದರು. ಅರ್ಧ ಕಪ್ ಮುಗಿದ ಮೇಲೆ ಸ್ವಲ್ಪ ತಡವರಿಸುತ್ತಲೇ ಕೇಳಿದರು:

"ಸಾಹೇಬ್ರ, ಇವತ್ತು ನಿಮ್ಮ ಮೌಲಾನಾರು ಭಾಳ ಸಿಟ್ಟಿಲೆ ಮಾತಾಡಿದ್ರಲ್ರಿ. ಯಾರ ಮ್ಯಾಲ ಸಿಟ್ಟು? ಊರಾಗ ಏನರ ಆಗೈತೇನು?"

ನನಗೆ ನಗು ಬಂತು. ಅಂದಿನ ಖುತ್ಬಾದ ವಿಷಯ ತೂಕದಲ್ಲಿ ಮೋಸ. ಕುರ್‌ಆನಿನ 83ನೇ ಅಧ್ಯಾಯ 'ಅಲ್ ಮುತಫ್ಫಿಫೀನ್' ಶುರುವಾಗುವುದೇ ಅಳತೆಯಲ್ಲಿ ವಂಚಿಸುವವರ ಗತಿಯನ್ನು ಹೇಳುತ್ತ. ಮೌಲಾನಾ ಸಾಹೇಬರು ಅದನ್ನೇ ಹಿಡಿದುಕೊಂಡು, ರೈತನಿಂದ ಭತ್ತ ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ ಇಟ್ಟುಕೊಂಡವರನ್ನು ತರಾಟೆಗೆ ತೆಗೆದುಕೊಂಡಿದ್ದರು. ಬೈಗುಳ ಬಿದ್ದದ್ದೆಲ್ಲ ಮಸೀದಿಯ ಒಳಗೆ ಕೂತಿದ್ದ ನಮ್ಮ ಮೇಲೆಯೇ. ಹಾಗೆಂದು ಹೇಳಿದಾಗ ಆ ಹಿರಿಯರು ನಕ್ಕು, "ಹಂಗಾದ್ರ ಅದು ನಮಗೂ ಹತ್ತೋ ಮಾತಲ್ರಿ. ಕನ್ನಡದಾಗ ಹೇಳಿದ್ರ ಬಜಾರೆಲ್ಲಾ ಕೇಳತಿತ್ತು" ಎಂದರು.

ಮನೆಗೆ ಬರುವಾಗ ನನ್ನ ನಗು ಇಳಿದಿತ್ತು. ಮೂವತ್ತು ವರ್ಷದ ಸಲಿಗೆ ಇದ್ದುದರಿಂದ ಅವರು ಕೇಳಿದರು. ಕೇಳದೆ ಹೋದವರು ಎಷ್ಟು ಮಂದಿ? ಅವರಿಗೆ ಉತ್ತರ ಹೇಳಿದವರು ಯಾರು? ಮೊಬೈಲಿನಲ್ಲಿ ಬಂದ ಯಾವುದೋ ವೀಡಿಯೊ ಹೇಳಿರಬಹುದು. ಮೈಕಿನಿಂದ ಹೊರಬಿದ್ದ ದನಿ ಎಲ್ಲರಿಗೂ ಕೇಳುತ್ತದೆ. ಅರ್ಥ ಮಾತ್ರ ಗೋಡೆಯ ಒಳಗೇ ಉಳಿಯುತ್ತದೆ. ಹೊರಗಿದ್ದವರು ದನಿಯ ಏರಿಳಿತ ನೋಡಿ ಅರ್ಥವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಊರು ತಣ್ಣಗಿರುವಾಗ ಇದರಿಂದ ತೊಂದರೆಯಿಲ್ಲ. ಊರು ಬಿಸಿಯಾಗಿದ್ದಾಗ ಇದೇ ದೊಡ್ಡ ತೊಂದರೆ.

ನಮ್ಮ ಮೂರು ತಾಲೂಕುಗಳಿಗೆ ಭಾಷೆಯ ಬಡತನವಂತೂ ಇಲ್ಲ. ಸಿಂಧನೂರಿನ ಸಂತೆಯಲ್ಲಿ ಒಂದು ಗಂಟೆ ನಿಂತರೆ ಕನ್ನಡ, ದಖನಿ ಉರ್ದು, ಲಂಬಾಣಿ ಕೇಳುತ್ತವೆ. ತುಂಗಭದ್ರಾ ಕಾಲುವೆಯ ನೀರಿನ ಹಿಂದೆ ಬಂದು ಕ್ಯಾಂಪು ಕಟ್ಟಿಕೊಂಡ ರೈತರ ತೆಲುಗು ಕೇಳುತ್ತದೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದವರ ಬಂಗಾಳಿಯೂ ಕೇಳುತ್ತದೆ. ವ್ಯಾಪಾರಕ್ಕೆ ಬೇಕಾದ ತರ್ಜುಮೆಯನ್ನು ನಾವೆಲ್ಲ ದಿನವೂ ಮಾಡುತ್ತೇವೆ. ಮನಸ್ಸಿನ ಮಾತಿಗೆ ಬಂದಾಗ ಮಾತ್ರ ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಬಿಡುತ್ತೇವೆ.

ತರ್ಜುಮೆಯ ಕಥೆಗೆ ನಮ್ಮಲ್ಲಿರುವ ಅತಿ ಹಳೆಯ ಸಾಕ್ಷಿ ಮಸ್ಕಿಯ ಗುಡ್ಡದ ಬಂಡೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಅದರ ಮೇಲಿನ ಬರಹ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಓದಿದರು. ಆಗ ನಿಜಾಮ ಸರ್ಕಾರದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು ಗುಲಾಮ್ ಯಜ್ದಾನಿ. ಇಲಾಖೆಯ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಆ ಶಾಸನ ಅಚ್ಚಾಯಿತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಕಲ್ಲು 'ಅಶೋಕ' ಎಂಬ ಹೆಸರನ್ನೇ ಹೇಳಿತು. ಇದು ಶಾಲೆಯ ಮಕ್ಕಳಿಗೂ ಗೊತ್ತು. ನನಗೆ ಇಲ್ಲಿ ಬೇಕಾದದ್ದು ಇನ್ನೊಂದು ಸಂಗತಿ. ಕ್ರಿಸ್ತಪೂರ್ವ 3ನೇ ಶತಮಾನದ ಆ ಬರಹದ ಭಾಷೆ ಪ್ರಾಕೃತ. ಮಸ್ಕಿಯ ಸುತ್ತಲಿನ ಕುರಿಗಾಹಿಗಳ, ಬೇಸಾಯಗಾರರ ಮನೆಮಾತು ಅದಾಗಿರಲಿಕ್ಕಿಲ್ಲ. ಯಾರೋ ನಿಂತು ಓದಿ, ಇಲ್ಲಿಯ ಮಾತಿನಲ್ಲಿ ತಿಳಿಸಿರಲೇಬೇಕು. ಆ ದುಬಾಷಿಯ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಅದೇ ಅಶೋಕನ ಶಾಸನ ಇಂದಿನ ಅಫ್ಘಾನಿಸ್ತಾನದ ಕಂದಹಾರದಲ್ಲೂ 1958ರಲ್ಲಿ ಸಿಕ್ಕಿತು. ಅಲ್ಲಿ ಅದು ಗ್ರೀಕ್ ಮತ್ತು ಅರಾಮಿಕ್ ಎಂಬ ಎರಡು ಭಾಷೆಗಳಲ್ಲಿದೆ. ಗ್ರೀಕರಿಗೆ 'ಧಮ್ಮ' ಎಂದರೆ ತಿಳಿಯದು. ಬರೆದವನು ಆ ಪದವನ್ನು ಹಾಗೇ ಉಳಿಸದೆ, ಅವರ ಭಾಷೆಯಲ್ಲಿ ಭಯಭಕ್ತಿಗೆ ಇದ್ದ 'ಯೂಸೆಬೆಯಾ' ಎಂಬ ಮಾತನ್ನು ಇಟ್ಟ. ಕೇಳುವವನ ಮನೆಯಲ್ಲಿ ಇರುವ ಪಾತ್ರೆಯಲ್ಲೇ ನೀರು ಕೊಟ್ಟ ಹಾಗೆ. ಇನ್ನೊಂದು ಸಂಗತಿಯೂ ಇದೆ. ಕಳಿಂಗ ಯುದ್ಧದಲ್ಲಿ ಸತ್ತವರನ್ನು ನೆನೆದು ಅಶೋಕ ನೊಂದುಕೊಂಡ ಶಾಸನ ಬೇರೆ ಕಡೆಗಳಲ್ಲಿದೆ, ಕಳಿಂಗದಲ್ಲೇ ಇಲ್ಲ. ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಅದರ ಜಾಗಕ್ಕೆ ಬೇರೆ ಮಾತುಗಳಿವೆ. ಪೆಟ್ಟು ತಿಂದವರ ಮುಂದೆ ಆ ಮಾತನ್ನು ಕೊರೆಸಲಿಲ್ಲ. ಕಾರಣ ನಾಚಿಕೆಯೋ ರಾಜಕೀಯವೋ, ಓದುಗರೇ ಯೋಚಿಸಲಿ. ಯಾರ ಎದುರಿಗೆ ಯಾವ ಮಾತು ಎಂಬುದನ್ನು ಆಳುವವರು ಅಂದಿನಿಂದಲೂ ಲೆಕ್ಕ ಹಾಕಿಯೇ ಆಡಿದ್ದಾರೆ.

ಈಗಿನ ವಿಶ್ವವಿದ್ಯಾಲಯಗಳಲ್ಲಿ 'ವಸಾಹತೋತ್ತರ ಅಧ್ಯಯನ' ಎಂಬ ಓದು ಇದೆ. ಹೆಸರು ದೊಡ್ಡದು, ವಿಷಯ ಕಷ್ಟದ್ದಲ್ಲ. ಬಿಳಿಯರ ಆಳ್ವಿಕೆ ಹೋದಮೇಲೂ ಅವರು ನಮ್ಮ ಬಗ್ಗೆ ಬರೆದಿಟ್ಟ ಮಾತುಗಳು ನಮ್ಮ ತಲೆಯಲ್ಲಿ, ಕೋರ್ಟಿನಲ್ಲಿ, ಪಠ್ಯಪುಸ್ತಕದಲ್ಲಿ ಹೇಗೆ ಉಳಿದಿವೆ ಎಂದು ಅದು ಹುಡುಕುತ್ತದೆ. ಪ್ಯಾಲೆಸ್ತೀನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ಎಡ್ವರ್ಡ್ ಸಯೀದ್ 1978ರಲ್ಲಿ ಬರೆದ 'ಓರಿಯೆಂಟಲಿಸಂ' ಆ ದಾರಿಯ ಮುಖ್ಯ ಪುಸ್ತಕ. ನಮ್ಮವರೇ ಆದ ತೇಜಸ್ವಿನಿ ನಿರಂಜನ ಅವರು 1992ರಲ್ಲಿ ತರ್ಜುಮೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಅವರು ಕನ್ನಡದ ಲೇಖಕರಾದ ನಿರಂಜನ ಮತ್ತು ಅನುಪಮಾ ನಿರಂಜನರ ಮಗಳು. ಕಂಪನಿ ಸರ್ಕಾರದ ಕಾಲದಲ್ಲಿ ಅನುವಾದವೂ ಆಳುವ ಒಂದು ಹತ್ಯಾರವಾಗಿತ್ತು ಎಂಬುದು ಅವರ ವಾದದ ತಿರುಳು.

ಇದಕ್ಕೆ ಮುಸ್ಲಿಮರ ಮನೆಗೇ ತಟ್ಟಿದ ಉದಾಹರಣೆಯೊಂದು ಇದೆ. 1772ರಲ್ಲಿ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್, ಮದುವೆ ಮತ್ತು ಆಸ್ತಿಯಂಥ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರದ ಪ್ರಕಾರ, ಮುಸ್ಲಿಮರಿಗೆ ಕುರ್‌ಆನಿನ ಪ್ರಕಾರ ನ್ಯಾಯ ಎಂದು ವ್ಯವಸ್ಥೆ ಮಾಡಿದರು. ಆದರೆ ಇಂಗ್ಲಿಷ್ ನ್ಯಾಯಾಧೀಶರಿಗೆ ಅರಬಿ ಬಾರದು. ಪಕ್ಕದಲ್ಲಿ ಕೂರುತ್ತಿದ್ದ ಮೌಲವಿಗಳ ಮೇಲೆ ಅವರಿಗೆ ನಂಬಿಕೆಯಿಲ್ಲ. ಅದಕ್ಕಾಗಿ ಹನಫಿ ಫಿಕ್ಹ್‌ನ ಪ್ರಸಿದ್ಧ ಗ್ರಂಥ 'ಹಿದಾಯ'ವನ್ನು ಮೊದಲು ಮೌಲವಿ ಗುಲಾಮ್ ಯಹ್ಯಾ ಮತ್ತು ಸಂಗಡಿಗರಿಂದ ಪಾರ್ಸಿಗೆ ತರಿಸಲಾಯಿತು. ಆ ಪಾರ್ಸಿಯಿಂದ ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ಸೇನಾಧಿಕಾರಿ ಇಂಗ್ಲಿಷಿಗೆ ಇಳಿಸಿದರು. 1791ರಲ್ಲಿ ನಾಲ್ಕು ಸಂಪುಟಗಳಾಗಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಮೂಲ ಗ್ರಂಥ ಬರೆದ ಮರ್ಗೀನಾನಿಯವರು 12ನೇ ಶತಮಾನದ ಮಧ್ಯ ಏಷ್ಯಾದವರು. ಅಲ್ಲಿಂದ ಅರಬಿ, ಪಾರ್ಸಿ, ಇಂಗ್ಲಿಷ್ ಎಂದು ಮೂರು ಮೆಟ್ಟಿಲು ಇಳಿದು ಬಂದ ಮಾತು ಕಲ್ಕತ್ತೆಯ ಕೋರ್ಟಿನಲ್ಲಿ 'ಮುಸ್ಲಿಮರ ಕಾನೂನು' ಎನಿಸಿಕೊಂಡಿತು.

ಮೂಲದಲ್ಲಿ 'ಹಿದಾಯ' ಒಂದು ಚರ್ಚೆಯ ಗ್ರಂಥ. ಇಮಾಮ್ ಅಬೂ ಹನೀಫಾ ಹೀಗೆಂದರು, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಬೇರೆ ಹೇಳಿದರು, ಶಾಫಿಈಯವರ ಅಭಿಪ್ರಾಯ ಇದು, ಅದಕ್ಕೆ ಕಾರಣ ಹೀಗೆ ಎಂದು ಮಾತು ನಡೆಯುತ್ತದೆ. ಮುಂದೆ ಕುಳಿತವನ ಕಷ್ಟ ನೋಡಿ ಕಾಝಿ ಒಂದು ಅಭಿಪ್ರಾಯವನ್ನು ಆಯ್ದುಕೊಳ್ಳುತ್ತಿದ್ದ. ಇಂಗ್ಲಿಷ್ ಕೋರ್ಟಿಗೆ ಬಂದಾಗ ಆ ಚರ್ಚೆ ಕಲಮು-ಕಲಮಾಗಿ ಗಟ್ಟಿಯಾಯಿತು. ಮೌಲವಿಗಳ ಹುದ್ದೆಗೂ 1864ರಲ್ಲಿ ಬೀಗ ಬಿತ್ತು. ಇಂದು ಟಿವಿ ಚರ್ಚೆಗಳಲ್ಲಿ 'ಶರೀಅತ್ ಎಂದರೆ ಒಂದೇ, ಅದು ಬದಲಾಗದ ಕಲ್ಲು' ಎಂದು ವಾದಿಸುವವರು ಎರಡೂ ಕಡೆ ಇದ್ದಾರೆ. ಇಬ್ಬರೂ ಈ ತರ್ಜುಮೆಯ ಮೊಮ್ಮಕ್ಕಳು ಎಂದು ನನಗೆ ಅನಿಸುತ್ತದೆ.

ಇದೆಲ್ಲ ಹಳೆಯ ಕಥೆ ಎನ್ನುವವರು 2022ನ್ನು ನೆನಪಿಸಿಕೊಳ್ಳಬೇಕು. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯರ ಹಿಜಾಬ್ ವಿಷಯ ರಾಜ್ಯವನ್ನೆಲ್ಲ ಕುದಿಸಿತು. ಫೆಬ್ರವರಿ 5ರಂದು ಸರ್ಕಾರದ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಹಿಜಾಬ್ ಇಸ್ಲಾಮಿನ 'ಅತ್ಯಗತ್ಯ ಧಾರ್ಮಿಕ ಆಚರಣೆ' ಅಲ್ಲ ಎಂಬುದು ತೀರ್ಪಿನ ಮುಖ್ಯ ಅಂಶ. ತೀರ್ಪಿನ ಸರಿ-ತಪ್ಪಿಗೆ ನಾನು ಇಲ್ಲಿ ಕೈಹಾಕುವುದಿಲ್ಲ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಎರಡು ಅಭಿಪ್ರಾಯ ಕೊಟ್ಟರು, ವಿಷಯವನ್ನು ದೊಡ್ಡ ಪೀಠಕ್ಕೆ ಬಿಟ್ಟರು. ನಾನು ಹೇಳಹೊರಟದ್ದು ತರ್ಜುಮೆಯ ಮಾತು.

ಕುರ್‌ಆನ್ ಏನು ಹೇಳುತ್ತದೆ ಎಂದು ತಿಳಿಯಲು ಹೈಕೋರ್ಟ್ ಆಧಾರವಾಗಿ ಇಟ್ಟುಕೊಂಡದ್ದು ಅಬ್ದುಲ್ಲಾ ಯೂಸುಫ್ ಅಲಿಯವರ ಇಂಗ್ಲಿಷ್ ಅನುವಾದವನ್ನು. ಅವರ ಅಡಿಟಿಪ್ಪಣಿಗಳಿಗೂ ತೀರ್ಪಿನಲ್ಲಿ ದೊಡ್ಡ ಜಾಗ ಸಿಕ್ಕಿತು. ಯೂಸುಫ್ ಅಲಿಯವರು 1872ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಐಸಿಎಸ್ ಅಧಿಕಾರಿಯಾಗಿದ್ದವರು. ಕೆಲಕಾಲ ಹೈದರಾಬಾದಿನ ನಿಜಾಮ ಸರ್ಕಾರದಲ್ಲಿ ಕಂದಾಯ ಖಾತೆ ನೋಡಿಕೊಂಡಿದ್ದರು. ಅಂದರೆ ನಮ್ಮ ಅಜ್ಜಂದಿರ ಜಮೀನಿನ ಲೆಕ್ಕವೂ ಅವರ ಇಲಾಖೆಗೆ ಸೇರಿತ್ತು. ಅವರ ಅನುವಾದ ಲಾಹೋರಿನಲ್ಲಿ 1934ರಿಂದ 1937ರವರೆಗೆ ಕಂತುಕಂತಾಗಿ ಹೊರಬಂತು. ಒಳ್ಳೆಯ ಅನುವಾದವೇ, ನಮ್ಮಲ್ಲೂ ಅನೇಕರ ಮನೆಯಲ್ಲಿದೆ. ಆದರೆ ಅವರು ಟಿಪ್ಪಣಿ ಬರೆದದ್ದು ಆ ಕಾಲದ ಇಂಗ್ಲಿಷ್ ಓದುಗನ ಮನಸ್ಸನ್ನು ಎದುರಿಗೆ ಇಟ್ಟುಕೊಂಡು. 85 ವರ್ಷಗಳ ನಂತರ ಕರ್ನಾಟಕದ ಹುಡುಗಿಯರ ಕಾಲೇಜಿನ ಬಾಗಿಲು ತನ್ನ ಅಡಿಟಿಪ್ಪಣಿಯ ಮೇಲೆ ತಿರುಗುತ್ತದೆಂದು ಆ ಪುಣ್ಯಾತ್ಮ ಕನಸಿನಲ್ಲೂ ಎಣಿಸಿರಲಾರರು.

ಇನ್ನೂ ಆಳದ ತೊಡಕು 'ಅತ್ಯಗತ್ಯ' ಎಂಬ ಪದದಲ್ಲೇ ಇದೆ. ಈ ಅಳತೆಗೋಲು ನಮ್ಮ ದೇಶದ ಕಾನೂನಿಗೆ ಬಂದದ್ದು 1954ರ ಶಿರೂರು ಮಠದ ಮೊಕದ್ದಮೆಯಿಂದ. ಅದೂ ಉಡುಪಿಯ ಮಠವೇ ಎಂಬುದು ಸೋಜಿಗ. ಫಿಕ್ಹ್‌ನಲ್ಲಿ ಒಂದು ಕೆಲಸ ಫರ್ಝೋ, ವಾಜಿಬೋ, ಸುನ್ನತ್ತೋ, ಮುಸ್ತಹಬ್ಬೋ, ಬರೀ ಮುಬಾಹೋ ಎಂದು ಮೆಟ್ಟಿಲುಗಳಿವೆ. ಕೋರ್ಟಿನ ಅಳತೆಗೋಲಿನಲ್ಲಿ ಎರಡೇ ಗುರುತು: ಅತ್ಯಗತ್ಯ, ಅತ್ಯಗತ್ಯವಲ್ಲ. ಸೇರು, ಪಾವು, ಚಟಾಕು ಇದ್ದ ಲೆಕ್ಕವನ್ನು 'ತುಂಬಿದ ಚೀಲ, ಖಾಲಿ ಚೀಲ' ಎಂದು ಬರೆದುಕೊಂಡ ಹಾಗೆ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಧುಲಿಯಾ ಅವರು ಈ ಪ್ರಶ್ನೆಗೇ ಹೋಗಬೇಕಿರಲಿಲ್ಲ, ಇದು ಹುಡುಗಿಯ ಆಯ್ಕೆ ಮತ್ತು ಓದಿನ ವಿಷಯ ಎಂಬ ಅಭಿಪ್ರಾಯ ತಾಳಿದರು.

ಆ ದಿನಗಳಲ್ಲಿ ಲಿಂಗಸುಗೂರಿನಲ್ಲಿ ಪಿಯುಸಿ ಓದುತ್ತಿದ್ದ ನನ್ನ ತಂಗಿಯ ಮಗಳು ಟಿವಿ ಆರಿಸಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಮಾಮು, ನಾನು ಕನ್ನಡದಾಗ ಓದತೀನಿ, ಮನ್ಯಾಗ ಉರ್ದು ಮಾತಾಡತೀನಿ. ನನ್ನ ಬಗ್ಗೆ ಇಂಗ್ಲಿಷಿನಾಗ ಯಾಕ ಮಾತಾಡಲಿಕ್ಕತ್ತಾರ?" ಅವಳಿಗೆ ಹೇಳಲು ನನ್ನ ಹತ್ತಿರ ನೇರವಾದ ಉತ್ತರವಿರಲಿಲ್ಲ. ಅವಳ ಮಾತನ್ನು ಅವಳ ಕನ್ನಡದಲ್ಲೇ ಹೇಳುವ ಹತ್ತು ದನಿಗಳು ನಮ್ಮ ತಾಲೂಕಿನಲ್ಲಿ ಮೊದಲೇ ಇದ್ದಿದ್ದರೆ ಎಂಬ ಕೊರಗು ಮಾತ್ರ ಉಳಿಯಿತು.

ಬೇರೆಯವರ ಲೆಕ್ಕ ಇಷ್ಟಾಯಿತು. ನಮ್ಮ ಲೆಕ್ಕವನ್ನೂ ನೋಡೋಣ, ಇಲ್ಲದಿದ್ದರೆ ತಕ್ಕಡಿಯ ಒಂದೇ ತಟ್ಟೆ ನೋಡಿದಂತಾದೀತು.

ನಮ್ಮ ಮೂರು ತಾಲೂಕುಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಡುವೆ 1853ರಿಂದ 1860ರವರೆಗೆ ರಾಯಚೂರು ದೋಆಬ್ ಬ್ರಿಟಿಷರ ಆಡಳಿತಕ್ಕೆ ಹೋಗಿತ್ತು, ಅಷ್ಟೇ. 1880ರ ದಶಕದಲ್ಲಿ ಸಂಸ್ಥಾನದ ಕಚೇರಿಗಳಲ್ಲಿ ಪಾರ್ಸಿಯ ಬದಲು ಉರ್ದು ಬಂತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆಯಿತು. ಇಂಗ್ಲಿಷ್ ಬಿಟ್ಟು ನಮ್ಮ ದೇಶದ ಭಾಷೆಯೊಂದರಲ್ಲಿ ಉನ್ನತ ವಿದ್ಯೆ ಕಲಿಸಿದ ಮೊದಲ ವಿಶ್ವವಿದ್ಯಾಲಯ ಅದು. ಅದಕ್ಕೆಂದೇ 'ದಾರುಲ್ ತರ್ಜುಮಾ' ಎಂಬ ಅನುವಾದ ಸಂಸ್ಥೆ ಕಟ್ಟಿ, ವಿಜ್ಞಾನ, ಕಾನೂನು, ವೈದ್ಯಶಾಸ್ತ್ರದ ನೂರಾರು ಪುಸ್ತಕಗಳನ್ನು ಉರ್ದುವಿಗೆ ತಂದರು. ಇಂಗ್ಲಿಷಿನ ದರ್ಪಕ್ಕೆ ಕೊಟ್ಟ ಆ ಉತ್ತರ ಹೆಮ್ಮೆಯದ್ದೇ. ಆದರೆ ಸಂಸ್ಥಾನದಲ್ಲಿ ಉರ್ದು ಮನೆಮಾತಾಗಿದ್ದವರು ಹತ್ತರಲ್ಲಿ ಒಬ್ಬರ ಆಸುಪಾಸು. ಉಳಿದವರದ್ದು ತೆಲುಗು, ಮರಾಠಿ, ಕನ್ನಡ. ಮಸ್ಕಿಯ ರೈತ ತನ್ನ ಅರ್ಜಿಯನ್ನು ತನಗೆ ತಿಳಿಯದ ಲಿಪಿಯಲ್ಲಿ ಯಾರಿಂದಲೋ ಬರೆಸಿ, ಹೆಬ್ಬೆಟ್ಟು ಒತ್ತಿ ಬರಬೇಕಿತ್ತು. ಅವನಿಗೆ ಇಂಗ್ಲಿಷಾದರೇನು, ಉರ್ದುವಾದರೇನು? ಕನ್ನಡ ಶಾಲೆಗಾಗಿ ಆ ಕಾಲದಲ್ಲಿ ಪರದಾಡಿದವರ ನೋವನ್ನು ನಾವು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿದ್ದು ಕಡಿಮೆ. ಹೇಳಬೇಕಿತ್ತು.

ಆ ಕಾಲದ ಒಂದು ಪದ ಇಂದಿಗೂ ಚುಚ್ಚುತ್ತದೆ: 'ರಜಾಕಾರ'. ಉರ್ದುವಿನಲ್ಲಿ ಅದರ ಅರ್ಥ ಸ್ವಯಂಸೇವಕ, ಸ್ವಂತ ಇಚ್ಛೆಯಿಂದ ಕೆಲಸಕ್ಕೆ ಬಂದವನು. ಕಾಸಿಂ ರಜ್ವಿಯ ಪಡೆ ಆ ಹೆಸರು ಇಟ್ಟುಕೊಂಡು ಹಳ್ಳಿಗಳಲ್ಲಿ ನಡೆಸಿದ ದಾಳಿಗಳ ನಂತರ, ಯಾವ ನಿಘಂಟೂ ಆ ಪದವನ್ನು ಕನ್ನಡದಲ್ಲಿ ತೊಳೆಯಲಾರದು. ನಮ್ಮ ಅಜ್ಜಿಯರ ಕಾಲದ ಕನ್ನಡದ ಹೆಣ್ಣುಮಕ್ಕಳಿಗೆ ಅದು ಮಕ್ಕಳನ್ನು ಎತ್ತಿಕೊಂಡು ಓಡಿದ ರಾತ್ರಿಯ ಹೆಸರು.

ಇನ್ನೊಂದು ಕಡೆ, 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿದ ಮೇಲೆ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಹತ್ಯೆಗಳು ನಡೆದವು. ಪ್ರಧಾನಿ ನೆಹರೂ ಅವರು ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆ ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಹೀಗಾಗಿ ಸೆಪ್ಟೆಂಬರ್ 17 ಎಂಬ ಒಂದೇ ತಾರೀಖಿಗೆ ನಮ್ಮ ಬೀದಿಯಲ್ಲಿ ಹಲವು ಹೆಸರು. ಒಬ್ಬರಿಗೆ ವಿಮೋಚನೆ, ಒಬ್ಬರಿಗೆ ಪೊಲೀಸ್ ಆ್ಯಕ್ಷನ್, ಹಳೆಯ ಉರ್ದು ಪುಸ್ತಕಗಳಲ್ಲಿ 'ಸುಕೂತೆ ಹೈದರಾಬಾದ್', ಅಂದರೆ ಹೈದರಾಬಾದಿನ ಪತನ. 2019ರಿಂದ ಸರ್ಕಾರ ಅದನ್ನು ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತಿದೆ. ಒಬ್ಬರ ಪದವನ್ನು ಇನ್ನೊಬ್ಬರ ಮನೆಗೆ ಕೊಂಡೊಯ್ದು, ಅದರ ಹಿಂದೆ ಇರುವ ಅಳುವಿನ ಸಮೇತ ಇಳಿಸುವ ತರ್ಜುಮೆ ಇನ್ನೂ ನಡೆದಿಲ್ಲ. ರಜಾಕಾರರ ಹಾವಳಿಯನ್ನು ಮುಸ್ಲಿಮ್ ಮನೆಯಲ್ಲೂ, ಸುಂದರಲಾಲ್ ವರದಿಯನ್ನು ಹಿಂದೂ ಮನೆಯಲ್ಲೂ ಕನ್ನಡದಲ್ಲಿ ಓದಿ ಹೇಳುವವರು ಬೇಕು. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರು ಈಗಾಗಲೇ ಬೇಕಾದಷ್ಟಿದ್ದಾರೆ.

ಹಗೆ ಬೆಳೆದಿರುವಾಗ ಮಾತನ್ನು ಹೇಗೆ ಹಿಡಿಯಬೇಕು ಎಂಬುದಕ್ಕೆ ಪ್ರವಾದಿ(ಸ)ರವರ ಜೀವನದಲ್ಲಿ ಎರಡು ಪ್ರಸಂಗಗಳು ನೆನಪಿಗೆ ಬರುತ್ತವೆ. ಮೊದಲನೆಯದು ಝೈದ್ ಇಬ್ನ್ ಸಾಬಿತ್(ರ)ರದ್ದು. ಯಹೂದಿಯರ ಪತ್ರಗಳನ್ನು ಓದಲು ಮತ್ತು ಬರೆಯಲು ಅವರ ಬರಹವನ್ನು ಕಲಿಯುವಂತೆ ಪ್ರವಾದಿಯವರು(ಸ) ಈ ಯುವಕನಿಗೆ ಹೇಳಿದರು. ತಮ್ಮ ಪತ್ರದ ವಿಷಯದಲ್ಲಿ ಬೇರೆಯವರ ತರ್ಜುಮೆಯ ಮೇಲೆ ಪೂರ್ತಿ ಭರವಸೆ ಇಡಲಾಗದು ಎಂಬುದೇ ಕಾರಣ. ಅರ್ಧ ತಿಂಗಳು ಕಳೆಯುವುದರೊಳಗೆ ಝೈದ್(ರ) ಕಲಿತರೆಂದು ತಿರ್ಮಿದಿಯ ವರದಿಯಲ್ಲಿದೆ. ಇಲ್ಲಿ ಗಮನಿಸಬೇಕಾದದ್ದು, ಕಲಿಯಲು ಹೊರಟದ್ದು ನಮ್ಮವರು. ಎದುರಿನವರು ನಮ್ಮ ಭಾಷೆ ಕಲಿಯಲಿ ಎಂದು ಕಾಯುತ್ತ ಕೂರಲಿಲ್ಲ.

ಎರಡನೆಯದು ಹಿಜ್ರಿ 6ನೇ ವರ್ಷದ ಹುದೈಬಿಯಾ ಒಪ್ಪಂದ. ಅಲಿ(ರ) ಬರೆಯುತ್ತಿದ್ದರು. 'ರಹ್ಮಾನ್, ರಹೀಮ್' ಎಂಬ ಒಕ್ಕಣೆಗೆ ಕುರೈಶರ ಪ್ರತಿನಿಧಿ ಸುಹೈಲ್ ತಕರಾರು ಮಾಡಿದರು. ಅವರಿಗೆ ಪರಿಚಯವಿದ್ದ ಹಳೆಯ ಒಕ್ಕಣೆಯನ್ನೇ ಬರೆಸಲಾಯಿತು. 'ಅಲ್ಲಾಹನ ಸಂದೇಶವಾಹಕ' ಎಂಬುದಕ್ಕೂ ತಕರಾರು ಬಂತು. ಅಲಿಯವರಿಗೆ ಅದನ್ನು ಅಳಿಸಲು ಕೈ ಬರಲಿಲ್ಲ. ಪ್ರವಾದಿ(ಸ) ಆ ಪದಗಳನ್ನು ತೆಗೆಸಿ, ತಮ್ಮ ಮತ್ತು ತಂದೆಯ ಹೆಸರನ್ನಷ್ಟೇ ಬರೆಸಿದರು. ಜೊತೆಗಿದ್ದವರಿಗೆ ಇದು ಸೋಲಿನಂತೆ ಕಂಡಿತು, ಉಮರ್(ರ)ರಂಥವರೂ ಕುದಿದರು. ನಂಬಿಕೆಯಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ, ಬದಲಾದದ್ದು ಎರಡೂ ಕಡೆಯವರು ಸಹಿ ಹಾಕುವ ಕಾಗದದ ಮಾತು.

ನಮ್ಮಲ್ಲಿ ಕೆಲವರಿಗೆ ದೀನಿನ ಮಾತನ್ನು ಕನ್ನಡದಲ್ಲಿ ಹೇಳಿದರೆ ಅದರ ಘನತೆ ಇಳಿಯುತ್ತದೆಂಬ ಅಳುಕು. ಖುತ್ಬಾದ ಅರಬಿ ಭಾಗದ ಬಗ್ಗೆ ಉಲಮಾಗಳು ಹೇಳುವುದನ್ನು ನಾನು ಪ್ರಶ್ನಿಸುತ್ತಿಲ್ಲ. ಅದರ ಮುಂಚಿನ ಬಯಾನಿನ ಮಾತು ಇದು. 'ನಮಾಜ್' ಎಂಬುದೇ ಅರಬಿಯಲ್ಲ. ಅರಬಿಯ 'ಸಲಾತ್'ಗೆ ಪಾರ್ಸಿಯವರು ತಮ್ಮ ಮನೆಯ ಪದವನ್ನು ಇಟ್ಟುಕೊಂಡರು. ಭಾಷಾಶಾಸ್ತ್ರಜ್ಞರು ಅದನ್ನು ಸಂಸ್ಕೃತದ 'ನಮಸ್' ಎಂಬುದರ ಒಡಹುಟ್ಟು ಎನ್ನುತ್ತಾರೆ. 'ಸೌಮ್' ಎಂಬುದು 'ರೋಜಾ' ಆಯಿತು. ಕರಾವಳಿಯ ಬ್ಯಾರಿ ಬಂಧುಗಳು 'ನಿಸ್ಕಾರ' ಎನ್ನುತ್ತಾರೆ, ಅದು 'ನಮಸ್ಕಾರ'ದಿಂದ ಬಂದದ್ದು. ಪಾರ್ಸಿಯಲ್ಲಿ ಇಳಿಯದ ಘನತೆ ಕನ್ನಡದಲ್ಲಿ ಏಕೆ ಇಳಿಯುತ್ತದೆ? ನಾವು ದಿನವೂ ಬರೆಯುವ 'ಪ್ರವಾದಿ' ಎಂಬ ಪದ ಕನ್ನಡ ಬೈಬಲ್ಲಿನಲ್ಲೂ ಇದೆ. ಅತ್ತ ಕನ್ನಡವೂ ನಮ್ಮಿಂದ ಪಡೆದುಕೊಂಡಿದೆ. ಹಕ್ಕು, ಅರ್ಜಿ, ವಕೀಲ, ಅಸಲು, ನಕಲು, ರಾಜೀನಾಮೆ ಎಲ್ಲವೂ ಅರಬಿ-ಪಾರ್ಸಿಯಿಂದ ಬಂದು ಕನ್ನಡದವೇ ಆದವು.

ಓದು-ಬರಹ ಬಾರದವರು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಿದ್ದಾರೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂಗೆ ಎಲ್ಲ ಜಾತಿಯ ಜನ ಸೇರುತ್ತಾರೆ. ಅಲ್ಲಿನ ಆಚರಣೆಗಳ ಬಗ್ಗೆ ನಮ್ಮ ಉಲಮಾಗಳಿಗೆ ಬೇರೆ ಅಭಿಪ್ರಾಯವಿದೆ, ಅದು ಈ ಲೇಖನದ ವಿಷಯವಲ್ಲ. ಆದರೆ ಕರ್ಬಲಾದ ಕಥೆ ನಮ್ಮ ಭಾಗದ ಹಳ್ಳಿಗಳಲ್ಲಿ 'ರಿವಾಯತ್ ಪದ'ಗಳಾಗಿ ಅಚ್ಚ ಕನ್ನಡದಲ್ಲಿ ನಿಂತಿದೆ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. 'ರಿವಾಯತ್' ಎಂಬ ಅರಬಿ ಮಾತು ಅವರ ಬಾಯಲ್ಲಿ ಹಾಡಿನ ಹೆಸರಾಗಿದೆ. ನೀರಿಲ್ಲದೆ ಬಾಯಾರಿದ ಮಕ್ಕಳ ಸಂಕಟ ರಾಯಚೂರು ಸೀಮೆಯ ಬರಗಾಲ ಕಂಡವರಿಗೆ ಅಡಿಟಿಪ್ಪಣಿಯಿಲ್ಲದೆ ತಿಳಿಯಿತು.

ನಮ್ಮ ಈ ಮಾಸಿಕಕ್ಕೆ ಖುತ್ಬಾಗಳ ಸಾರಾಂಶ ಬರೆದು ಕಳಿಸುವ ತರುಣರಿಗೆ ಕೆಲವು ಮಾತು ಹೇಳಬೇಕೆನಿಸುತ್ತದೆ. 'ಫತ್ವಾ' ಎಂದಷ್ಟೇ ಬರೆದು ಬಿಡಬೇಡಿ. ಕೇಳಿದ ಪ್ರಶ್ನೆಗೆ ಮುಫ್ತಿ ಕೊಡುವ ಅಭಿಪ್ರಾಯ ಅದು. ಪತ್ರಿಕೆಗಳಲ್ಲಿ ಅದು 'ಕಟ್ಟಪ್ಪಣೆ' ಎಂಬ ಅರ್ಥಕ್ಕೆ ತಿರುಗಿದೆ, ಆದ್ದರಿಂದ ಪ್ರತಿ ಸಲವೂ ಬಿಡಿಸಿ ಹೇಳಬೇಕು. 'ಜಿಹಾದ್' ಎಂಬುದು ಮೌಲಾನಾ ಸಾಹೇಬರ ಮಾತಿನಲ್ಲಿ ಹೆಚ್ಚಿನ ಸಲ ಮನಸ್ಸಿನ ಆಸೆಗಳ ವಿರುದ್ಧದ ಹೋರಾಟವಾಗಿ ಬಂದಿರುತ್ತದೆ. ಹಾಗಿದ್ದರೆ ಹಾಗೆಂದೇ ಬರೆಯಿರಿ. ಚರಿತ್ರೆಯ ಯುದ್ಧದ ವಿಷಯವಾಗಿದ್ದರೆ ಯಾವ ಯುದ್ಧ, ಯಾರೊಡನೆ, ಏಕೆ ಎಂಬುದನ್ನೂ ಬರೆಯಿರಿ. ಮುಚ್ಚಿಡುವುದೂ ಸುಳ್ಳು ತರ್ಜುಮೆಯೇ. ನೆರೆಯವರ ನಂಬಿಕೆಯ ಬಗ್ಗೆ ಬರೆಯುವಾಗ ಅವರು ತಮ್ಮನ್ನು ಕರೆದುಕೊಳ್ಳುವ ಹೆಸರಿನಿಂದಲೇ ಕರೆಯಿರಿ. ಮಠಕ್ಕೆ ಮಠವೆನ್ನಿ, ಜಾತ್ರೆಗೆ ಜಾತ್ರೆಯೆನ್ನಿ. ಅವರ ಪದದ ಅರ್ಥ ಗೊತ್ತಿಲ್ಲದಿದ್ದರೆ ಅಂಗಡಿಗೆ ಹೋಗಿ ಕೇಳಿ. 'ಧರ್ಮ' ಎಂಬ ಪದವನ್ನೇ ನೋಡಿ. 'ದೀನ್' ಎಂಬುದಕ್ಕೆ ಅದನ್ನು ನಾವು ಸಲೀಸಾಗಿ ಬಳಸುತ್ತೇವೆ. ಬಸ್ ಸ್ಟ್ಯಾಂಡಿನ ಭಿಕ್ಷುಕ 'ಧರ್ಮ ಮಾಡ್ರಿ' ಎನ್ನುವಾಗ ಅದು ಸದಕಾ. 'ಅದು ಧರ್ಮ ಅಲ್ಲ' ಎಂದು ಪಂಚರು ಹೇಳುವಾಗ ಅದು ನ್ಯಾಯ. ಒಂದು ಪದದಲ್ಲಿ ಇಷ್ಟು ಜಾಗ ಇದೆ.

ಗೊಬ್ಬರದ ಅಂಗಡಿಯ ಆ ಹಿರಿಯರಿಗೆ ಈಗ ಪ್ರತಿ ತಿಂಗಳು ಪತ್ರಿಕೆಯ ಒಂದು ಪ್ರತಿ ಕೊಟ್ಟು ಬರುತ್ತೇನೆ. ತಕ್ಕಡಿಯ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಹೋದ ತಿಂಗಳು ಒಂದು ಪದಕ್ಕೆ ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದರು. 'ತಕ್ವಾ'. "ಇದಕ್ಕ ಕನ್ನಡದಾಗ ಏನಂತಾರ್ರಿ?" ಎಂದರು. ದೇವಭಯ ಎಂದೆ, ಎಚ್ಚರ ಎಂದೆ, ಸಂಯಮ ಎಂದೆ. ಮೂರೂ ಅವರಿಗೆ ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೂ ನೋಡದಾಗೂ ತೂಕ ಸರಿ ಇಡೋದಲ್ಲೇನ್ರಿ? ನಮ್ಮ ಅವ್ವ ಅದಕ್ಕ 'ಅಂಜಿಕಿ ಇರಬೇಕು' ಅಂತಿದ್ಲು" ಎಂದರು. ಮುಂದಿನ ಸಂಚಿಕೆಯ ಸಾರಾಂಶದಲ್ಲಿ 'ತಕ್ವಾ' ಎಂಬುದರ ಪಕ್ಕದಲ್ಲಿ ಆ ಅವ್ವನ ಪದವನ್ನೇ ಹಾಕಿ ಕಳಿಸಿದ್ದೇನೆ.